ನೆರೆಮನೆಯವರ ಪರಲೋಕ

ಪಿತೃಪಕ್ಷ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೇ ಮಾಡಿ ಎಡೆ ಇಡುತ್ತಾರೆ. ಇವತ್ತು ಫಸಲು ಕೊಡುತ್ತಿರುವ ಎಷ್ಟೋ ತೆಂಗಿನ ಮರಗಳನ್ನು ನೆಟ್ಟವರು ಅವರೇ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುವ ಕಾಯಿ ಅಜ್ಜನ ಬೆವರಿನದು ಎಂಬುದು ಮನೆಯ ಮಕ್ಕಳಿಗೂ ಗೊತ್ತು. ಇಂಥ ಮನೆಯ ಮಗನೋ ಸೊಸೆಯೋ ಕ್ರಿಸ್ತನನ್ನು ನಂಬಿ ಸಭೆಗೆ ಹೋಗತೊಡಗಿದರೆ ಎಡೆಯ ದಿನ ಕಸಿವಿಸಿ ತಪ್ಪಿದ್ದಲ್ಲ. ಎಡೆ ಇಡಬೇಕೋ ಬೇಡವೋ ಎಂಬುದು ಮೇಲಿನ ಜಗಳ. ಒಳಗೆ ಕೊರೆಯುವ ಪ್ರಶ್ನೆ ಇನ್ನೊಂದು: ಯೇಸುವಿನ ಹೆಸರನ್ನೇ ಕೇಳದೆ ಕಣ್ಣುಮುಚ್ಚಿದ ಅಜ್ಜ ಈಗ ಎಲ್ಲಿದ್ದಾನೆ?

ಕೆಲವು ಬೋಧಕರು ತಡಮಾಡದೆ ಉತ್ತರ ಹೇಳಿಬಿಡುತ್ತಾರೆ: ನರಕದಲ್ಲಿ. ಬಹಳ ಕ್ರೈಸ್ತರು ಹಾಗೆ ಹೇಳಲು ಹಿಂಜರಿಯುತ್ತಾರೆ. ಆ ಹಿಂಜರಿಕೆ ಅಪನಂಬಿಕೆಯಿಂದ ಬಂದದ್ದೆಂದೂ ಕಾಲಕ್ಕೆ ತಕ್ಕ ವೇಷವೆಂದೂ ಭಾವಿಸುವವರು ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಎರಡು ಕಡೆಯವರಿಗೂ ಚರಿತ್ರೆ ಬೇರೆಯದನ್ನೇ ಹೇಳುತ್ತದೆ, ಮತ್ತು ಆ ಚರಿತ್ರೆಯ ಒಂದು ಎಳೆ ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿದೆ.

ಅಜ್ಜನ ಪ್ರಶ್ನೆ ಹೊಸದೇನಲ್ಲ. ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿಗೆ ಹೋಗಿ ಬೋಧಿಸಿದರು. 1552ರ ಜನವರಿಯಲ್ಲಿ ಬರೆದ ಪತ್ರದಲ್ಲಿ ಅವರು ಅಲ್ಲಿ ಹೊಸದಾಗಿ ನಂಬಿದವರ ಸಂಕಟವನ್ನು ದಾಖಲಿಸಿದ್ದಾರೆ. ನರಕಕ್ಕೆ ಹೋದವರಿಗೆ ಬಿಡುಗಡೆಯೇ ಇಲ್ಲ ಎಂಬ ಬೋಧನೆ ಕೇಳಿ ಆ ಜನ ತಮ್ಮ ತಾಯಿತಂದೆಯರಿಗಾಗಿ, ಸತ್ತ ಮಕ್ಕಳಿಗಾಗಿ ಅತ್ತರು; ಪ್ರಾರ್ಥನೆಯಿಂದ, ದಾನದಿಂದ ಅವರನ್ನು ಬಿಡಿಸಲಾಗದೇ ಎಂದು ಕೇಳಿದರು. ಆಗದು ಎಂದೇ ಕ್ಸೇವಿಯರ್ ಉತ್ತರಿಸಿದರು. ಆದರೆ ಆ ಕಣ್ಣೀರು ಅವರ ಮನಸ್ಸನ್ನೂ ಕಲಕಿತ್ತು ಎಂಬುದು ಪತ್ರದಲ್ಲಿ ಕಾಣುತ್ತದೆ. ಆಗಿನ ರೋಮನ್ ಸಭೆಯ ಕಟ್ಟಳೆ ಹಾಗಿತ್ತು. ಮೂರನೆಯ ಶತಮಾನದ ಬಿಷಪ್ ಸಿಪ್ರಿಯನ್ ಕಾಲದಿಂದ ಬಂದ, ಸಭೆಯ ಹೊರಗೆ ರಕ್ಷಣೆ ಇಲ್ಲ ಎಂಬ ನಿಲುವನ್ನು ಫ್ಲಾರೆನ್ಸಿನ ಮಹಾಸಭೆ 1442ರಲ್ಲಿ ಅತಿ ಕಠಿಣ ಮಾತುಗಳಲ್ಲಿ ಸಾರಿತ್ತು.

ಮೈಸೂರು ಸೀಮೆಯಲ್ಲೂ ಅದೇ ನೆರಳು ಬಿದ್ದಿತ್ತು. ಅಬ್ಬೆ ದುಬಾಯ್ ಎಂದು ಹೆಸರಾದ ಫ್ರೆಂಚ್ ಪಾದ್ರಿ 1792ರಲ್ಲಿ ಭಾರತಕ್ಕೆ ಬಂದವರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನಲ್ಲಿ ನೆಲೆಸಿ, ಇಲ್ಲಿಯವರಂತೆಯೇ ಉಟ್ಟು, ಉಂಡು, ಹಾಸನದ ಸಟ್ಟಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆ ಕಟ್ಟಿದರು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ಜಾತಿ ಮತ ನೋಡದೆ ದುಡಿದರು. ಅಂಥವರೇ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳು ಕ್ರೈಸ್ತರಾಗುವ ಕಾಲ ಮುಗಿಯಿತು, ಮನುಷ್ಯ ಪ್ರಯತ್ನದಿಂದ ಅದು ಆಗದು ಎಂದರು. ಇವರು ದೇವರ ಶಾಪಕ್ಕೇ ಗುರಿಯಾದವರೇನೋ ಎನ್ನುವ ಮಟ್ಟಕ್ಕೂ ಹೋದರು. ಯಾರ ತೋಳಿಗೆ ಲಸಿಕೆ ಹಾಕಿಸಿ ಬದುಕಿಸಿದರೋ ಅವರ ಆತ್ಮದ ಬಗ್ಗೆ ಅವರಿಗೆ ಭರವಸೆ ಉಳಿದಿರಲಿಲ್ಲ. ಒಬ್ಬ ಸಹೃದಯಿಯೂ ಸಿದ್ಧಾಂತದ ಕೈಯಲ್ಲಿ ಹೇಗೆ ಸಿಕ್ಕಿಬೀಳಬಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.

ಗುಬ್ಬಿಗೆ ಬಂದವರು ಬೇರೆ ಪಂಗಡದವರು. ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಅಲ್ಲಿ ಬಿಡಾರ ಹೂಡಿದರು. ಎರಡು ವರ್ಷದ ಮೇಲೆ ಬಂದ ತರುಣ ವಿಲಿಯಂ ಆರ್ಥರ್ ಕನ್ನಡ ಕಲಿತು, ಕಣ್ಣಿನ ಬೇನೆಯಿಂದ ಬೇಗ ಊರಿಗೆ ಮರಳಬೇಕಾಗಿ ಬಂದು, 1847ರಲ್ಲಿ ಮೈಸೂರು ಮಿಷನ್ನಿನ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಹಾಡ್ಸನ್ 1877ರಲ್ಲಿ ಗುಬ್ಬಿ ಸುತ್ತಿನ ಡೇನಿಯಲ್ ಎಂಬ ಮತಾಂತರಿತ ಮುದುಕನ ಜೀವನಚರಿತ್ರೆ ಪ್ರಕಟಿಸಿದರು. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಬೋಧಿಸುವುದು, ಶಾಲೆ ತೆರೆಯುವುದು, ಹಳ್ಳಿಯಿಂದ ಹಳ್ಳಿಗೆ ತಿರುಗುವುದು ಇವರ ಕೆಲಸ. ಆ ಶತಮಾನದ ಮಿಷನ್ ಸಂಘಗಳಿಗೆ ಹಣ ಕೂಡಿಸಿಕೊಟ್ಟದ್ದು ಮಾತ್ರ ಬಹುಮಟ್ಟಿಗೆ ಒಂದೇ ಚಿತ್ರ: ಯೇಸುವನ್ನರಿಯದ ಕೋಟಿ ಕೋಟಿ ಜನ ದಿನದಿನವೂ ನಾಶಕ್ಕೆ ಜಾರುತ್ತಿದ್ದಾರೆ ಎಂಬುದು. 1865ರಲ್ಲಿ ಚೀನಾ ಮಿಷನ್ ಕಟ್ಟಿದ ಹಡ್ಸನ್ ಟೇಲರ್, ಚೀನಾದಲ್ಲಿ ತಿಂಗಳಿಗೆ ಹತ್ತು ಲಕ್ಷ ಜನ ದೇವರಿಲ್ಲದೆ ಸಾಯುತ್ತಿದ್ದಾರೆ ಎಂದು ಲೆಕ್ಕ ಕೊಟ್ಟು ಇಂಗ್ಲೆಂಡನ್ನು ಎಚ್ಚರಿಸುತ್ತಿದ್ದರು.

ಈಗ ಆ ವೆಸ್ಲಿಯನ್ನರ ಮೂಲಪುರುಷನ ಮಾತಿಗೆ ಬರಬೇಕು. ಜಾನ್ ವೆಸ್ಲಿ ಸತ್ತದ್ದು 1791ರಲ್ಲಿ. ಅದಕ್ಕೆ ಹಿಂದಿನ ವರ್ಷ, ಎಂಬತ್ತೇಳರ ವಯಸ್ಸಿನಲ್ಲಿ, ದೇವರಿಲ್ಲದ ಬದುಕಿನ ಬಗ್ಗೆ ಅವರು ಬರೆದ ಪ್ರಸಂಗವೊಂದಿದೆ. ಅನ್ಯಧರ್ಮೀಯರಿಗೂ ಮಹಮ್ಮದೀಯರಿಗೂ ಒಟ್ಟಾಗಿ ನರಕದ ತೀರ್ಪು ಕೊಡುವ ಹಕ್ಕು ಬದುಕಿರುವ ಯಾವ ಮನುಷ್ಯನಿಗೂ ಇಲ್ಲ, ಅವರನ್ನು ಸೃಷ್ಟಿಸಿದವನಿಗೇ ಅದನ್ನು ಬಿಡುವುದು ಲೇಸು, ಆತ ಕ್ರೈಸ್ತರಿಗೆ ಹೇಗೋ ಹಾಗೆ ಅವರಿಗೂ ದೇವರು ಎಂಬುದು ಅಲ್ಲಿಯ ಸಾರ. ವೆಸ್ಲಿ ಯಾವ ಅರ್ಥದಲ್ಲೂ ಸಡಿಲ ನಂಬಿಕೆಯವರಲ್ಲ. ಕುದುರೆಯ ಮೇಲೆ ಇಂಗ್ಲೆಂಡನ್ನೆಲ್ಲ ಸುತ್ತಿ, ಮಳೆಗಾಳಿಯಲ್ಲಿ ಬಯಲಲ್ಲೇ ನಿಂತು ಪಶ್ಚಾತ್ತಾಪ ಸಾರಿದವರು. ನರಕವಿದೆ ಎಂದು ನಂಬಿದವರು. ನರಕವುಂಟು ಎಂದು ನಂಬುವುದು ಬೇರೆ, ಅದಕ್ಕೆ ಯಾರು ಬೀಳುತ್ತಾರೆಂದು ಪಟ್ಟಿ ಮಾಡುವುದು ಬೇರೆ ಎಂಬುದನ್ನು ಅವರು ಅರಿತಿದ್ದರು. ಮನುಷ್ಯ ಕೇಳುವ ಮೊದಲೇ ದೇವರ ಕೃಪೆ ಪ್ರತಿಯೊಬ್ಬರಲ್ಲೂ ಕೆಲಸ ಮಾಡುತ್ತಿರುತ್ತದೆ ಎಂಬುದು ಅವರ ಬೋಧನೆಯ ಬೆನ್ನೆಲುಬು. ಅದನ್ನು ಒಪ್ಪಿದ ಮೇಲೆ ಆ ಕೃಪೆ ಗುಬ್ಬಿಯ ಗಡಿಯಲ್ಲಿ, ತಿಪಟೂರಿನ ತೋಟದ ಬೇಲಿಯಲ್ಲಿ ನಿಂತುಬಿಡುತ್ತದೆ ಎನ್ನಲು ಆಧಾರವಿಲ್ಲ.

ಗುಬ್ಬಿಯ ವೆಸ್ಲಿಯನ್ ಪರಂಪರೆ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ, ಸೇರಿಕೊಂಡಿದೆ. ಹಾಗಾಗಿ ವೆಸ್ಲಿಯ ಆ ಪ್ರಸಂಗ ತುಮಕೂರು ಜಿಲ್ಲೆಯ ಕ್ರೈಸ್ತರಿಗೆ ಪರರ ಆಸ್ತಿಯಲ್ಲ, ಪಿತ್ರಾರ್ಜಿತ.

ರೋಮನ್ ಕೆಥೋಲಿಕರು ಅದೇ ಜಾಗಕ್ಕೆ ನಿಧಾನವಾಗಿ, ಆದರೆ ಅಧಿಕೃತವಾಗಿಯೇ ಬಂದರು. ತನ್ನ ತಪ್ಪಿಲ್ಲದೆ ಸುವಾರ್ತೆ ತಿಳಿಯದವನನ್ನು ದೇವರು ಶಿಕ್ಷಿಸನು ಎಂದು ಪೋಪ್ ಒಂಬತ್ತನೆಯ ಪಯಸ್ 1863ರಲ್ಲಿ ಬರೆದರು. ಸಭೆಯ ಹೊರಗಿನವರೆಲ್ಲ ನರಕಕ್ಕೆ ಎಂದು ಹಟ ಹಿಡಿದ ಅಮೆರಿಕದ ಬಾಸ್ಟನ್ನಿನ ಪಾದ್ರಿ ಲಿಯೊನಾರ್ಡ್ ಫೀನಿಯ ಬೋಧನೆಯನ್ನು 1949ರಲ್ಲಿ ರೋಮ್ ತಿದ್ದಿತು. ಕರೆದರೂ ಬಾರದ, ಅವಿಧೇಯನಾದ ಕಾರಣಕ್ಕೆ 1953ರಲ್ಲಿ ಆತನನ್ನು ಬಹಿಷ್ಕರಿಸಿತು. 1964ರ ನವೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸಭೆಯ ಕುರಿತ ಶಾಸನದ 16ನೆಯ ಪರಿಚ್ಛೇದದಲ್ಲಿ, ಶುದ್ಧ ಮನಸ್ಸಿನಿಂದ ದೇವರನ್ನು ಹುಡುಕಿ ಅಂತಃಸಾಕ್ಷಿಗೆ ತಕ್ಕಂತೆ ನಡೆಯುವವರಿಗೂ ರಕ್ಷಣೆ ಸಾಧ್ಯ ಎಂದು ಹೇಳಿತು. ಇದನ್ನು ಎಲ್ಲ ಧರ್ಮಗಳೂ ಒಂದೇ ಎಂಬ ಮಾತಾಗಿ ಓದಿದರೆ ತಪ್ಪಾಗುತ್ತದೆ. 2000ದಲ್ಲಿ ರೋಮ್ ಹೊರಡಿಸಿದ ಇನ್ನೊಂದು ದಾಖಲೆ, ರಕ್ಷಕನು ಕ್ರಿಸ್ತನೊಬ್ಬನೇ ಎಂದು ಬಿಗಿಯಾಗಿಯೇ ನುಡಿದಿದೆ. ಬಾಗಿಲು ಕ್ರಿಸ್ತನೇ, ಆದರೆ ಆ ಬಾಗಿಲಲ್ಲಿ ಯಾರು ಹೇಗೆ ಒಳಬರುತ್ತಾರೆಂದು ಮನುಷ್ಯರು ಹೇಳಲಾರರು ಎಂಬುದು ಒಟ್ಟು ನಿಲುವು.

ಎಲ್ಲ ಕ್ರೈಸ್ತರೂ ಹೀಗೆ ನಂಬುತ್ತಾರೆಂದು ಹೇಳಿದರೆ ಅದು ಸುಳ್ಳು. 1974ರ ಲೊಸಾನ್ ಒಡಂಬಡಿಕೆ, ಕ್ರಿಸ್ತನನ್ನು ತಿರಸ್ಕರಿಸುವವರು ದೇವರಿಂದ ನಿತ್ಯವಾಗಿ ಅಗಲುವ ಗತಿಯನ್ನು ತಾವೇ ತಂದುಕೊಳ್ಳುತ್ತಾರೆ ಎನ್ನುತ್ತದೆ. ಲೋಕದ ಸುವಾರ್ತಾ ಪಂಗಡಗಳಲ್ಲಿ ಬಹಳಷ್ಟಕ್ಕೆ ಅದು ಪ್ರಮಾಣ. ತನ್ನ ಮೂಲಕವಲ್ಲದೆ ತಂದೆಯ ಬಳಿಗೆ ದಾರಿಯಿಲ್ಲ ಎಂಬ ಯೇಸುವಿನ ಮಾತು ಯೋಹಾನನ ಪುಸ್ತಕದಲ್ಲಿದೆ. ಅದನ್ನು ಅವರು ಹಗುರವಾಗಿ ತೆಗೆದುಕೊಳ್ಳಲಾರರು, ತೆಗೆದುಕೊಳ್ಳಬೇಕಾಗಿಯೂ ಇಲ್ಲ. ಆದರೆ ಆ ಒಡಂಬಡಿಕೆಯನ್ನು ಬರೆಯುವುದರಲ್ಲಿ ಮುಂದಾಳಾಗಿದ್ದ ಜಾನ್ ಸ್ಟಾಟ್ ಅವರೇ 1988ರಲ್ಲಿ, ಕೊನೆಯಿಲ್ಲದ ಯಾತನೆ ಎಂಬ ಕಲ್ಪನೆ ತಮಗೆ ಸಹಿಸಲಾಗದ್ದೆಂದೂ ನರಕವೆಂದರೆ ಕಡೆಗೆ ಇಲ್ಲವಾಗುವುದೇ ಇರಬಹುದೆಂದೂ ಬರೆದರು. ಅವರದೇ ಗೆಳೆಯರು ಅವರನ್ನು ಕಟುವಾಗಿ ಟೀಕಿಸಿದರು. ಅಂದರೆ ಈ ಚರ್ಚೆ ಬೈಬಲ್ಲನ್ನು ಎದೆಗೊತ್ತಿಕೊಂಡವರ ಒಳಗೇ ನಡೆಯುತ್ತಿದೆ.

ಇಲ್ಲಿ ಕನ್ನಡ ಓದುಗರಿಗೂ ಒಂದು ಮಾತು. ಕೊನೆಯಿಲ್ಲದ ನರಕ ಎಂಬುದು ಹೊರಗಿನಿಂದ ಬಂದ ಕ್ರೂರ ಕಲ್ಪನೆ, ನಮ್ಮಲ್ಲಿ ಇಂಥದ್ದಿಲ್ಲ ಎಂಬ ಮಾತು ಆಗಾಗ ಕೇಳುತ್ತದೆ. ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲೇ ಜೀವಗಳಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆ ಹೇಳಿದರು. ಮೂರನೆಯವರಿಗೆ ಮರಳಿ ಬಾರದ ಅಂಧಂತಮಸ್ಸು. ಆದರೆ ಎದುರಿನ ಮನೆಯ ಇಂಥವನೇ ತಮೋಯೋಗ್ಯ ಎಂದು ಯಾವ ಮಾಧ್ವ ಗೃಹಸ್ಥನೂ ಬೀದಿಯಲ್ಲಿ ನಿಂತು ಸಾರುವುದಿಲ್ಲ. ಸಿದ್ಧಾಂತ ಗ್ರಂಥದಲ್ಲಿರುತ್ತದೆ, ತೀರ್ಪು ಹರಿಯ ಕೈಯಲ್ಲಿರುತ್ತದೆ. ಕ್ರೈಸ್ತ ಬೋಧಕರಿಂದ ಕೇಳುತ್ತಿರುವುದೂ ಇಷ್ಟೇ ಮರ್ಯಾದೆ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯೇಸುವೇ ಕೊನೆಯ ತೀರ್ಪಿನ ಚಿತ್ರ ಕೊಡುತ್ತಾನೆ. ಅಲ್ಲಿ ಕೇಳುವ ಪ್ರಶ್ನೆಗಳು ಹಸಿದವನಿಗೆ ಅನ್ನ ಕೊಟ್ಟೆಯಾ, ಪರದೇಶಿಯನ್ನು ಒಳಗೆ ಕರೆದೆಯಾ, ರೋಗಿಯನ್ನು ನೋಡಿದೆಯಾ ಎಂಬುವು. ಅನ್ನ ಕೊಟ್ಟವರಿಗೆ ತಾವು ಕ್ರಿಸ್ತನಿಗೇ ಕೊಟ್ಟೆವೆಂದು ಗೊತ್ತೇ ಇರಲಿಲ್ಲ ಎಂಬುದು ಆ ಕಥೆಯ ಬೆರಗು. ಈ ಅಧ್ಯಾಯವನ್ನು ತುಮಕೂರಿನಲ್ಲಿ ಓದುವಾಗ ಸಿದ್ಧಗಂಗೆಯ ಮಠ ನೆನಪಾಗದಿರಲು ಸಾಧ್ಯವಿಲ್ಲ. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಅಲ್ಲಿಯ ಶಿವಕುಮಾರ ಸ್ವಾಮೀಜಿ ಊರೂರು ತಿರುಗಿ ಕಾಳುಕಡಿ ಕೂಡಿಸಿ, ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ದಿನವೂ ಅನ್ನ, ಅಕ್ಷರ ಕೊಟ್ಟರು. ತೆಂಗಿನ ಸೀಮೆಯ ಎಷ್ಟೋ ಬಡ ಮನೆಗಳ ಹುಡುಗರು ಅಲ್ಲಿ ಉಂಡು ಓದಿದವರು. ಆ ಸ್ವಾಮೀಜಿಯ ಬಗ್ಗೆ ನರಕದ ಮಾತಾಡುವ ಬೋಧಕ ಮೊದಲು ತನ್ನ ಗುರು ಯೇಸುವಿನ ಈ ಕಥೆಗೆ ಉತ್ತರ ಕೊಡಬೇಕಾಗುತ್ತದೆ.

ಕನ್ನಡ ನೆಲದಲ್ಲೇ ಹುಟ್ಟಿದ ದೇವಶಾಸ್ತ್ರಜ್ಞರೊಬ್ಬರು ಈ ತೊಡಕನ್ನು ಬದುಕಿಡೀ ಬಿಡಿಸಲು ದುಡಿದರು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಪಾದ್ರಿಗಳಾಗುವವರಿಗೆ ಪಾಠ ಹೇಳಿದವರು. 1971ರಲ್ಲಿ ಜಿನೀವಾದ ಸಭೆಗಳ ಜಾಗತಿಕ ಮಂಡಳಿ ಅನ್ಯಧರ್ಮೀಯರೊಡನೆ ಸಂವಾದಕ್ಕೆಂದು ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರಾದರು. ಕ್ರಿಸ್ತನಿಗೆ ಪೂರ್ತಿ ಒಪ್ಪಿಸಿಕೊಂಡೂ ನೆರೆಯವರ ದಾರಿಯನ್ನು ಅಲ್ಲಗಳೆಯಬೇಕಿಲ್ಲ ಎಂಬುದು ಅವರ ವಾದ. ಅವರ ಬಳಿಕ ಅದೇ ಕೆಲಸ ನೋಡಿಕೊಂಡ ಶ್ರೀಲಂಕಾದ ವೆಸ್ಲಿ ಅರಿಯರಾಜ ಮೆಥಡಿಸ್ಟರು, ಹಿಂದೂ ನೆರೆಯವರ ನಡುವೆ ಬೆಳೆದವರು. ನೆರೆಯವರನ್ನು ಬಿಟ್ಟು ತನಗೆ ಸ್ವರ್ಗ ಬೇಡ ಎಂಬ ಭಾವದ ಹೆಸರನ್ನೇ ಅವರು ತಮ್ಮ ಪುಸ್ತಕಕ್ಕೆ ಇಟ್ಟರು.

ನರಕದ ಮಾತಿಗೆ ಕಾನೂನಿನ ಮುಖವೂ ಇದೆ. 1967ರ ಒಡಿಶಾ, 1968ರ ಮಧ್ಯಪ್ರದೇಶ ಮತಾಂತರ ತಡೆ ಕಾಯ್ದೆಗಳು ದೈವಕೋಪದ ಬೆದರಿಕೆಯನ್ನೂ ಬಲವಂತವೆಂದೇ ಎಣಿಸಿದವು. 1977ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಗಳನ್ನು ಎತ್ತಿಹಿಡಿಯಿತು. ಒಬ್ಬನ ಪರಲೋಕದ ನಂಬಿಕೆಯನ್ನು ಪೊಲೀಸ್ ಠಾಣೆಗೆ ಎಳೆಯುವುದು ಸರಿಯಾದ ದಾರಿಯಲ್ಲ. ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲದ ತುಮಕೂರಿನಂಥ ಜಿಲ್ಲೆಯಲ್ಲಿ ಅಂಥ ದೂರು ಪುಟ್ಟ ಸಭೆಯೊಂದರ ಪ್ರಾರ್ಥನೆಯನ್ನೇ ನಿಲ್ಲಿಸಿಬಿಡಬಲ್ಲದು. ಮಾತನ್ನು ತಿದ್ದಬೇಕಾದವರು ಸಭೆಗಳವರೇ.

ಆದ್ದರಿಂದ ತುಮಕೂರು ಸೀಮೆಯ ಸಭಾಪಾಲಕರಲ್ಲಿ, ಧರ್ಮಕೇಂದ್ರಗಳ ಗುರುಗಳಲ್ಲಿ ಒಂದು ಕೋರಿಕೆ. ವೆಸ್ಲಿಯ 1790ರ ಪ್ರಸಂಗವನ್ನೂ ವ್ಯಾಟಿಕನ್ನಿನ ಆ 16ನೆಯ ಪರಿಚ್ಛೇದವನ್ನೂ ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ ಭಾನುವಾರದ ಶಾಲೆಯ ಮಕ್ಕಳ ಕೈಗೆ ಕೊಡಿ. ಸುವಾರ್ತೆ ಸಾರುವುದನ್ನು ಯಾರೂ ಬಿಡಬೇಕಿಲ್ಲ. ಹೊಸದಾಗಿ ನಂಬಿದ ಸೊಸೆ ತನ್ನ ಮಾವನವರ ಗತಿ ಏನೆಂದು ಕೇಳಿದಾಗ ಮಾತ್ರ, ಅವರು ತಮ್ಮನ್ನು ಸೃಷ್ಟಿಸಿದ ದೇವರ ಕೈಯಲ್ಲಿದ್ದಾರೆ ಎಂದು ಹೇಳಿ, ಮತ್ತು ಅಲ್ಲಿಗೆ ನಿಲ್ಲಿಸಿ.