ಅನ್ಯಭಾಷೆ ಬಾರದ ಅಕ್ಕ

ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಉಡುಪಿಯ ಅಕ್ಕ ಕಳೆದ ವಾರ ಕಣ್ಣೀರಿಡುತ್ತಾ ಬಂದರು. ಕಲ್ಯಾಣದ ಪ್ರಾರ್ಥನಾಕೂಟವೊಂದರಲ್ಲಿ, ಅನ್ಯಭಾಷೆ ಆಡದ ನಿಮ್ಮೊಳಗೆ ಪವಿತ್ರಾತ್ಮನಿಲ್ಲ ಎಂದರಂತೆ. ಮೂವತ್ತು ವರ್ಷ ಭಾನುವಾರ ತಪ್ಪಿಸದವರಿಗೆ ಈ ಮಾತು!

ನಾನೂ ಕ್ರೈಸ್ತನೇ, ಕೇಳಲೇಬೇಕು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ಪೌಲನು ಈ ವರ ಎಲ್ಲರಿಗೂ ಇರುವುದಿಲ್ಲವೆಂದೇ ಸೂಚಿಸುತ್ತಾನೆ. 14ರಲ್ಲಿ, ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಿ ಎನ್ನುತ್ತಾನೆ. ಆ ಕೂಟದಲ್ಲಿ ಅರ್ಥ ಹೇಳಿದವರು ಯಾರು?

ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಮಿಷನ್‌ನಲ್ಲಿ 1905ರ ಉಜ್ಜೀವನದ ಬೆನ್ನಿಗೇ ಅನ್ಯಭಾಷೆ ಕೇಳಿಬಂದಿತ್ತು. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ನಮ್ಮ ಘಟ್ಟದಲ್ಲಿ ಹುಟ್ಟಿದವರು. ಅದೊಂದೇ ಆತ್ಮದ ಗುರುತೆಂದು ಅಲ್ಲಿ ಪಟ್ಟು ಹಿಡಿಯಲಿಲ್ಲ. ರಮಾಬಾಯಿ 1922ರಲ್ಲಿ ತೀರಿಕೊಳ್ಳುವ ಮುನ್ನ ಹೀಬ್ರೂ, ಗ್ರೀಕ್ ಮೂಲದಿಂದ ಬೈಬಲನ್ನು ಸರಳ ಮರಾಠಿಗೆ ತಂದರು.

ಎರಡೂ ಅಧ್ಯಾಯಗಳನ್ನು ಅಕ್ಕನಿಗೆ ಕನ್ನಡದಲ್ಲೇ ಓದಿಹೇಳಿದೆ. ಪುಟಕ್ಕೆ ಗುರುತಿಟ್ಟುಕೊಂಡರು.