ಹೆಸರುಗಳು ಮೂಡುವ ಹೊತ್ತು

ಬೆಳ್ಳಿತೆರೆಯ ಮೇಲೆ ನಟರ, ನಿರ್ದೇಶಕರ ಹೆಸರುಗಳು ಮೂಡುವಾಗ ಪ್ರೇಕ್ಷಕರಲ್ಲಿ ಹಲವರು ಇನ್ನೂ ಆಸನ ಹುಡುಕುತ್ತಿರುತ್ತಾರೆ. ಆದರೆ ಹದಿಹರೆಯದವರನ್ನು ಕುರಿತ ಅಮೆರಿಕದ ಚಿತ್ರಗಳಲ್ಲಿ ಕಥೆಯು ಯಾರ ಪಕ್ಷ ವಹಿಸುವುದೆಂಬುದು ಬಹುಮಟ್ಟಿಗೆ ಆಗಲೇ ತಿಳಿದುಬಿಡುತ್ತದೆ.

೧೯೫೫ರ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಆರಂಭವಾಗುವುದು ಹಿರಿಯರ ಮುನ್ನುಡಿಯಿಂದ. ಬಾಲಾಪರಾಧದ ವಿಷಯದಲ್ಲಿ ಜನರನ್ನು ಎಚ್ಚರಿಸುವುದೇ ಚಿತ್ರದ ಉದ್ದೇಶವೆಂದು ಲಿಖಿತ ಹೇಳಿಕೆಯೊಂದು ಡೋಲಿನ ಸದ್ದಿನೊಡನೆ ಸಾರುತ್ತದೆ. ಅದು ಮುಗಿದೊಡನೆ ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ಹಾಡು. ಅದರೊಡನೆ ಹೆಸರುಗಳ ಸಾಲು. ಕಿರಿಯರು ಎಚ್ಚರಿಕೆಯನ್ನು ಮರೆತರು, ಹಾಡನ್ನು ಮರೆಯಲಿಲ್ಲ. ಹಿಂದಿನ ವರ್ಷ ಅಷ್ಟಾಗಿ ಮಾರಾಟವಾಗದಿದ್ದ ಆ ಧ್ವನಿಮುದ್ರಿಕೆ ೧೯೫೫ರ ಬೇಸಿಗೆಯಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು.

ಅದೇ ವರ್ಷದ ‘ರೆಬೆಲ್ ವಿದೌಟ್ ಎ ಕಾಸ್’ನಲ್ಲಿ ಮುನ್ನುಡಿಯೇ ಇಲ್ಲ. ಹೆಸರುಗಳು ಮೂಡುತ್ತಿರುವಾಗ ಜೇಮ್ಸ್ ಡೀನ್ ಅಭಿನಯಿಸಿದ ತರುಣನು ಕುಡಿದು ಬೀದಿಯಲ್ಲಿ ಮಲಗಿ, ಆಟಿಕೆಯ ಕೋತಿಯೊಂದಕ್ಕೆ ಕಾಗದ ಹೊದಿಸುತ್ತಾನೆ. ಅಪರಾಧಿಯನ್ನು ನಿರೀಕ್ಷಿಸಿದವರಿಗೆ ಅಲ್ಲಿ ಕಾಣುವುದು ಒಂದು ಮಗು.

ಮೂವತ್ತು ವರ್ಷಗಳ ತರುವಾಯ, ೧೯೮೫ರಲ್ಲಿ, ಜಾನ್ ಹ್ಯೂಸ್ ನಿರ್ದೇಶಿಸಿದ ‘ದ ಬ್ರೇಕ್‌ಫಾಸ್ಟ್ ಕ್ಲಬ್’ನಲ್ಲಿ ಮುನ್ನುಡಿ ಮರಳಿ ಬಂದಿತು. ಆದರೆ ಅದು ಉಪದೇಶವಲ್ಲ. ಗಾಯಕ ಡೇವಿಡ್ ಬೋವಿಯ ಹಾಡೊಂದರ ಸಾಲುಗಳು. ಕಪ್ಪು ತೆರೆಯ ಮೇಲೆ ಕ್ಷಣಕಾಲ ನಿಂತ ಆ ಸಾಲುಗಳು ಗಾಜಿನಂತೆ ಒಡೆದು ಚೂರಾಗುತ್ತವೆ. ಹಿಂದೆ ಶಾಲೆಯ ಕಟ್ಟಡ ಕಾಣುತ್ತದೆ. ಮೊದಲ ಮಾತಾಡುವ ಹಕ್ಕು ಹಿರಿಯರಿಂದ ಕಿರಿಯರಿಗೆ ಸಂದಿತ್ತು.

ಮಕ್ಕಳೊಡನೆ ಇಂಥ ಚಿತ್ರಕ್ಕೆ ಹೋಗುವ ತಂದೆತಾಯಿಗಳು ಕೊಂಚ ಮುಂಚಿತವಾಗಿಯೇ ಆಸನ ಸೇರುವುದೊಳಿತು. ಮನೆಯಲ್ಲಿ ಕೇಳಿಸದೆ ಹೋದ ಮಾತು ಕೆಲವೊಮ್ಮೆ ಅಲ್ಲಿ ಕೇಳಿಸುವುದುಂಟು.