ಕಾರಿನ ಮೂಗು ಎಲ್ಲಿರಬೇಕು?

ನನ್ನ ತಮ್ಮನ ಮಗ ಕೃಷ್ಣರಾಜಪುರದಲ್ಲಿ ಮನೆ ಮಾಡಿಕೊಂಡಿದ್ದಾನೆ. ಮೊನ್ನೆ ಒಂದು ಭಾನುವಾರ ಹಲಸೂರಿನ ನಮ್ಮ ಮನೆಗೆ ಕಾರಿನಲ್ಲಿ ಬಂದವನು ಎಂಜಿನ್ ಆರಿಸದೆಯೇ, "ದೊಡ್ಡಪ್ಪ, ಸ್ವಲ್ಪ ಕೇಳಿಸಿಕೊಳ್ಳಿ" ಎಂದು ಆಕ್ಸಿಲರೇಟರ್ ಒತ್ತಿದ. ಗೊರಕೆಗೂ ಗರ್ಜನೆಗೂ ನಡುವಿನ ಒಂದು ಸದ್ದು ಹೊರಟಿತು. ಎದುರುಮನೆಯ ನಾಯಿ ಎದ್ದು ನಿಂತಿತು. ಇಂದಿರಾನಗರದ ಒಂದು ಅಂಗಡಿಯಲ್ಲಿ, ಕಾರು ತಯಾರಿಸಿದವರೇ ಕೊಟ್ಟಿದ್ದ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆಸಿ, ಶಂಕುವಿನಾಕಾರದ ಕೆಂಪು ಫಿಲ್ಟರೊಂದನ್ನು ಹಾಕಿಸಿಕೊಂಡಿದ್ದ. ಹತ್ತು ಅಶ್ವಶಕ್ತಿ ಹೆಚ್ಚುತ್ತದೆಂದು ಅಂಗಡಿಯವರು ಹೇಳಿದ್ದರಂತೆ. ಆದರೆ ವಾಹನದಟ್ಟಣೆಯಲ್ಲಿ ಕಾರು ಮೊದಲಿಗಿಂತ ಮಂಕಾದಂತೆ ಅವನಿಗೆ ಅನ್ನಿಸುತ್ತಿತ್ತು. ಅದಕ್ಕೂ ಅವರ ಬಳಿ ಪರಿಹಾರವಿತ್ತು: ಇನ್ನಷ್ಟು ಹಣ ಕೊಟ್ಟರೆ ಉದ್ದನೆಯ ಕೊಳವೆ ಹಾಕಿ, ಮುಂದಿನ ಬಂಪರಿನ ಕೆಳಗಿನಿಂದ ತಣ್ಣನೆಯ ಗಾಳಿ ಎಳೆಯುವಂತೆ ಮಾಡಿಕೊಡುತ್ತಾರೆ. ಮಳೆಗಾಲ ಬರುವ ಮೊದಲೇ ಅದನ್ನೂ ಹಾಕಿಸಿಬಿಡುವುದೆಂದು ಅವನ ಯೋಚನೆ.

"ಮಳೆಗಾಲ ಬರುವ ಮೊದಲು" ಎಂಬ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಚಾರ್ಲ್ಸನ ನಿಯಮ ನೆನಪಿರಬಹುದು. ಅದರ ಸಲುವಾಗಿ ಬೆಂಚಿನ ಮೇಲೆ ನಿಂತವರಿಗಂತೂ ನೆನಪಿದ್ದೇ ಇರುತ್ತದೆ. ಒತ್ತಡ ಬದಲಾಗದಿದ್ದರೆ, ಬಿಸಿಯಾದ ಗಾಳಿ ಹಿಗ್ಗುತ್ತದೆ, ಅಂದರೆ ತೆಳುವಾಗುತ್ತದೆ. ಹೊರಗೆ 25 ಡಿಗ್ರಿ, ಬಾನೆಟ್ಟಿನ ಒಳಗೆ 55 ಡಿಗ್ರಿ ಇದೆಯೆಂದುಕೊಳ್ಳಿ. ಕೆಲ್ವಿನ್ ಮಾನದಲ್ಲಿ ಅವು 298 ಮತ್ತು 328. ಭಾಗಿಸಿ ನೋಡಿದರೆ ಗಾಳಿಯ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಕುಸಿದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ಮೊದಲೇ ಚೆನ್ನೈಗಿಂತ ತೆಳು. ಹುಡುಗ ಹಾಕಿಸಿಕೊಂಡಿದ್ದ ಶಂಕು ಬಾನೆಟ್ಟಿನೊಳಗೆ, ಎಂಜಿನ್ನಿನ ಪಕ್ಕದಲ್ಲಿ, ಮರೆಯಿಲ್ಲದೆ ಕುಳಿತಿತ್ತು. ಕಾರು ಓಡುವಾಗ ಪರವಾಗಿಲ್ಲ; ಟಿನ್ ಫ್ಯಾಕ್ಟರಿಯ ಬಳಿ ಇಪ್ಪತ್ತು ನಿಮಿಷ ನಿಂತರೆ ಅದು ಎಳೆಯುವುದು ಎಂಜಿನ್ನಿನ ಬಿಸಿಯುಸಿರನ್ನೇ. ಅವನಿಗೆ ಮಂಕೆನಿಸಿದ್ದು ಭ್ರಮೆಯಲ್ಲ.

ಹಾಗಾದರೆ ಸದ್ದು? ಕಂಪನಿಯ ಪೆಟ್ಟಿಗೆ ಗಾಳಿಯನ್ನು ಸೋಸುವುದರ ಜೊತೆಗೆ ಸದ್ದನ್ನೂ ಅಡಗಿಸುತ್ತದೆ. ಅದನ್ನು ಕಿತ್ತರೆ ಎಂಜಿನ್ನು ಉಸಿರೆಳೆಯುವುದು ಹೊರಗೆ ಕೇಳುತ್ತದೆ, ಅಷ್ಟೆ. ಸದ್ದು ಹೆಚ್ಚಿದ್ದನ್ನು ಶಕ್ತಿ ಹೆಚ್ಚಿತೆಂದು ಭಾವಿಸುವುದು ತರಗತಿಯಲ್ಲಿಯೂ ನಾನು ಕಂಡಿದ್ದೇ.

ಇದಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಈ ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ಗಂಟಲಿನಲ್ಲಿ ಥ್ರಾಟಲ್ ಎಂಬ ಕದವಿದೆ. ನಾವು ಆಕ್ಸಿಲರೇಟರ್ ಒತ್ತಿದಷ್ಟೇ ಅದು ತೆರೆಯುತ್ತದೆ. ಹಲಸೂರಿನಿಂದ ಹಳೇ ಮದರಾಸು ರಸ್ತೆ ಹಿಡಿದು ಕೃಷ್ಣರಾಜಪುರದ ತೂಗುಸೇತುವೆ ಮುಟ್ಟುವವರೆಗೆ ಆ ಕದ ಪೂರ್ತಿ ತೆರೆಯುವ ಪ್ರಸಂಗ ಎಷ್ಟು ಬಾರಿ ಬರುತ್ತದೆ? ಗಂಟಲನ್ನು ನಾವೇ ಮುಕ್ಕಾಲು ಮುಚ್ಚಿಕೊಂಡು ಮೂಗಿನ ಹೊಳ್ಳೆಯನ್ನು ಹಿಗ್ಗಿಸಿಕೊಂಡರೆ ಫಲವಿಲ್ಲ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದವರು 2009ರಲ್ಲಿ ಕೊಳಕಾದ ಫಿಲ್ಟರುಗಳನ್ನು ಹಾಕಿ ಪರೀಕ್ಷಿಸಿದಾಗ, ಹೊಸ ಕಾಲದ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಮೈಲೇಜು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಪೂರ್ಣವೇಗಕ್ಕೆ ಒತ್ತಿದಾಗ ಮಾತ್ರ ಕಾರು ಹಿಂದೆ ಬಿತ್ತು. ಕಟ್ಟಿಕೊಂಡ ಫಿಲ್ಟರಿನ ಕಥೆಯೇ ಹೀಗಿರುವಾಗ, ಸ್ವಚ್ಛವಾದ ಕಾಗದದ ಫಿಲ್ಟರನ್ನು ಕಿತ್ತೆಸೆದು ಗಳಿಸುವುದೇನು? 1200 ಸಿ.ಸಿ. ಎಂಜಿನ್ನಿನಲ್ಲಿ ಒಂದೆರಡು ಅಶ್ವಶಕ್ತಿ ಸಿಕ್ಕರೆ ಅದೇ ಹೆಚ್ಚು.

ಇನ್ನೊಂದು ಬಗೆಯಿದೆ, ಅದರ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಕಂಪನಿಯ ಪೆಟ್ಟಿಗೆಯನ್ನು ಹಾಗೆಯೇ ಉಳಿಸಿಕೊಂಡು, ಕಾಗದದ ಫಿಲ್ಟರಿನ ಬದಲು ಎಣ್ಣೆ ಸವರಿದ ಹತ್ತಿಯ ಜಾಲರಿಯ ಫಿಲ್ಟರನ್ನು ಕೂರಿಸುವುದು. ಕೆ ಆಂಡ್ ಎನ್ ಎಂಬ ಅಮೆರಿಕದ ಕಂಪನಿಯದು ಇದರಲ್ಲಿ ಹೆಸರಾದದ್ದು. ತೊಳೆದು, ಮತ್ತೆ ಎಣ್ಣೆ ಹಾಕಿ ವರ್ಷಗಟ್ಟಲೆ ಬಳಸಬಹುದು. ಆದರೆ ಎಣ್ಣೆ ಹೆಚ್ಚಾದರೆ, ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದರ ತಂತಿಗೆ ಅಂಟಿಕೊಂಡು ತೊಂದರೆ ಕೊಡುತ್ತದೆ. ಗಾಳಿಯನ್ನು ಸಲೀಸಾಗಿ ಬಿಡುವ ಜಾಲರಿ ನುಣುಪು ಧೂಳನ್ನೂ ಸಾಮಾನ್ಯವಾಗಿ ಸ್ವಲ್ಪ ಸಲೀಸಾಗಿಯೇ ಬಿಡುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿಯಲು ನಮ್ಮೂರಿನಲ್ಲಿ ಹತ್ತು ಸಾವಿರ ಲೀಟರಿನಷ್ಟು ಗಾಳಿ ಬೇಕು. ಮೆಟ್ರೋ ಕಾಮಗಾರಿಯ ವರ್ಷಗಳಲ್ಲಿ ಹೊರವರ್ತುಲ ರಸ್ತೆಯ ಧೂಳನ್ನು ಉಂಡವರಿಗೆ, ಆ ಗಾಳಿಯಲ್ಲಿ ಏನೇನಿರುತ್ತದೆಂದು ನಾನು ಹೇಳಬೇಕಾಗಿಲ್ಲ.

ಉದ್ದನೆಯ ಕೊಳವೆಯ ವಿಚಾರಕ್ಕೆ ಬರುತ್ತೇನೆ. ಶಾಸ್ತ್ರದ ದೃಷ್ಟಿಯಿಂದ ಇವುಗಳಲ್ಲೆಲ್ಲ ಅದೇ ಮೇಲು. ಬಿಸಿಯಿಂದ ದೂರ, ತಣ್ಣನೆಯ ದಟ್ಟ ಗಾಳಿ. ರೇಸಿನ ಮೈದಾನದಲ್ಲಿ ಅದರ ಪ್ರಯೋಜನ ನಿಜ. ಆದರೆ ಅದರ ಬಾಯಿ ನೆಲದಿಂದ ಒಂದು ಮೊಳದ ಎತ್ತರದಲ್ಲಿರುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ಹೇಗಾಗಿದ್ದವೆಂದು ನೆನಪಿಸಿಕೊಳ್ಳಿ. ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ಮುಳುಗಿ ನಿಂತವು. ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಪತ್ರಿಕೆಗಳಲ್ಲಿ ಆ ಚಿತ್ರ ನೋಡಿ ಎಲ್ಲರೂ ನಕ್ಕರು. ಟ್ರ್ಯಾಕ್ಟರಿನ ಮೂಗು ಎಲ್ಲಿದೆಯೆಂದು ಗಮನಿಸಿದವರು ಕಡಿಮೆ. ಬಾನೆಟ್ಟಿನ ಮೇಲೆ, ಅಣಬೆಯಂತೆ ಟೊಪ್ಪಿ ಹಾಕಿಕೊಂಡು ನಿಂತಿರುತ್ತದಲ್ಲ, ಅದೇ. ಉಳುವ ಹೊಲದ ಧೂಳಿಗೂ ಕೆಸರುಗದ್ದೆಯ ನೀರಿಗೂ ಎಟುಕದ ಜಾಗ.

ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ, ಇದೂ ಪಾಠದಲ್ಲಿದ್ದದ್ದೇ. ಸಿಲಿಂಡರಿನೊಳಗೆ ನೀರು ಸೇರಿದಾಗ ಮೇಲೇರುವ ಪಿಸ್ಟನ್ನಿಗೆ ದಾರಿಯಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಬಿಚ್ಚದೆ ಗತ್ಯಂತರವಿಲ್ಲ. ಸಾಧಾರಣ ವಿಮೆ ಈ ಹಾನಿಯನ್ನು ಸಾಮಾನ್ಯವಾಗಿ ಭರಿಸುವುದೂ ಇಲ್ಲ. ಎಂಜಿನ್ ರಕ್ಷಣೆಗೆಂದು ಬೇರೆ ಹಣ ಕಟ್ಟಿರಬೇಕು. ಹುಡುಗ ಕಟ್ಟಿರಲಿಲ್ಲ. ಅವನ ಕಾರಿನ ಸಾಲದ ಕಂತು ಇನ್ನೂ ನಾಲ್ಕು ವರ್ಷವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಸಂಜೆ ಆ ಕಾರಿನಲ್ಲಿ ಶಾಲೆಯಿಂದ ಮಗುವನ್ನು ಕರೆತರುವವಳು ಅವನ ಹೆಂಡತಿ. ನೀರು ನಿಂತ ಕೆಳಸೇತುವೆಯಲ್ಲಿ ಕಾರು ಉಸಿರುಗಟ್ಟಿ ನಿಲ್ಲುವುದೆಂದರೆ ಬರಿಯ ರಿಪೇರಿಯ ಮಾತಲ್ಲ. ಇಷ್ಟು ಹೇಳಿದ ಮೇಲೆ ಅವನು ವಾದಿಸಲಿಲ್ಲ. "ಪೆಟ್ಟಿಗೆ ಅಂಗಡಿಯಲ್ಲೇ ಬಿಟ್ಟುಬಂದೆ, ದೊಡ್ಡಪ್ಪ. ಕೇಳಿದರೆ ಈಗ ಇಲ್ಲ ಅಂತಾರೆ" ಎಂದ.

ಹಲಸೂರಿನಲ್ಲಿ ಗ್ಯಾರೇಜ್ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಜೊತೆ ಮಾಡಿಕೊಂಡು ಮೂವರೂ ಶಿವಾಜಿನಗರದ ಗುಜರಿಗೆ ಹೋದೆವು. ಬಾಗಿಲು, ದೀಪ, ಗೇರ್‌ಬಾಕ್ಸುಗಳ ಗುಡ್ಡೆಗಳ ನಡುವೆ ಮೂರನೆಯ ಅಂಗಡಿಯಲ್ಲಿ ಅದೇ ಮಾದರಿಯ ಪೆಟ್ಟಿಗೆ ಸಿಕ್ಕಿತು. ಒಂದೂವರೆ ಸಾವಿರ ಹೇಳಿದ ಮುದುಕ ಒಂಬೈನೂರಕ್ಕೆ ಇಳಿದ. ನನ್ನ ನರೆಗೂದಲನ್ನೂ ಹುಡುಗನನ್ನೂ ಒಮ್ಮೆ ನೋಡಿ, "ಹುಡುಗರು ಬಿಚ್ಚಿ ಬಿಸಾಡ್ತಾರೆ, ದೊಡ್ಡವರು ಬಂದು ತಗೊಂಡು ಹೋಗ್ತಾರೆ ಸಾರ್. ನಮ್ಮ ವ್ಯಾಪಾರ ನಡೆಯೋದೇ ಹೀಗೆ" ಎಂದ. ಹೊಸ ಕಾಗದದ ಫಿಲ್ಟರಿಗೆ ಇನ್ನೂ ಮುನ್ನೂರು ಚಿಲ್ಲರೆ ಆಯಿತು.

ಗ್ಯಾರೇಜಿನಲ್ಲಿ ಪೆಟ್ಟಿಗೆ ಕೂರಿಸಿದ ಮೇಲೆ ನನ್ನ ವಿದ್ಯಾರ್ಥಿ, "ಸರ್, ನಿಮ್ಮ ಕಾರಿನ ಫಿಲ್ಟರ್ ಯಾವಾಗ ಬದಲಾಯಿಸಿದ್ರಿ?" ಎಂದು ವಿನಯದಿಂದಲೇ ಕೇಳಿದ. ನನಗೆ ನೆನಪಾಗಲಿಲ್ಲ. ನನ್ನ ಕಾರು ವರ್ಷವಿಡೀ ಹೊಂಗೆಮರದ ಕೆಳಗೆ ನಿಲ್ಲುತ್ತದೆ. ಅವನು ಅದರ ಪೆಟ್ಟಿಗೆ ತೆರೆದು ಫಿಲ್ಟರನ್ನು ಹೊರಗೆ ತೆಗೆದು ನೆಲಕ್ಕೆ ಕುಟ್ಟಿದಾಗ ಒಂದು ಬೊಗಸೆ ಧೂಳು, ಅದರ ಜೊತೆಗೆ ಒಣಗಿದ ಹೊಂಗೆಹೂಗಳು ಉದುರಿದವು. ಹುಡುಗ ಏನೂ ಮಾತಾಡಲಿಲ್ಲ. ಮೊಬೈಲಿನಲ್ಲಿ ಒಂದು ಚಿತ್ರ ಮಾತ್ರ ತೆಗೆದುಕೊಂಡ.